ಪುಟ್ಟ ಕುರ್ಚಿಯಲ್ಲಿ ಕೂತ ಅಪ್ಪ

ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ದಾಗಿಸ್‌ಗೆ ಮಾಲತಿ ಮೊದಲು ಹೋದದ್ದು ಎರಡು ದಿನದ ಬದಲಿ ಕೆಲಸಕ್ಕೆ. ದಾಗಿಸ್ ಎಂದರೆ ತಾಯಿತಂದೆಯರು ಕೆಲಸಕ್ಕೆ ಹೋಗುವಾಗ ಸಣ್ಣ ಮಕ್ಕಳನ್ನು ಬಿಟ್ಟುಹೋಗುವ ಜಾಗ. ಅಲ್ಲಿಯ ಒಬ್ಬಾಕೆಗೆ ಜ್ವರ ಬಂದಿತ್ತು, ಯಾರಾದರೂ ಸಿಕ್ಕರೆ ಸಾಕಿತ್ತು. ಎರಡು ದಿನ ಕಳೆದ ಮೇಲೆ ಅವಳನ್ನು ಕಳಿಸಲು ಅಲ್ಲಿಯವರಿಗೆ ಮನಸ್ಸಾಗಲಿಲ್ಲ. ಹೊರಟುಬರಲು ಅವಳಿಗೂ ಮನಸ್ಸಾಗಲಿಲ್ಲ. ಸ್ವೀಡಿಷ್ ಪರೀಕ್ಷೆ ಪಾಸು ಮಾಡಿ, ಮಕ್ಕಳನ್ನು ನೋಡಿಕೊಳ್ಳುವ ತರಬೇತಿಯನ್ನೂ ಮುಗಿಸಿ, ಅಲ್ಲೇ ಕಾಯಂ ಆದಳು.

ಗದಗಿನಲ್ಲಿದ್ದಾಗ ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಗಂಡ ಯೋಗೀಶನಿಗೆ ಇಲ್ಲಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಪುಟ್ಟ ಮಗಳು ಇಂಚರಾಳನ್ನು ಎತ್ತಿಕೊಂಡು ಬಂದಿದ್ದಳು. ಈಗ ಇಂಚರಾ ಒಂಬತ್ತನೇ ಕ್ಲಾಸು. ಅಮ್ಮ ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ವಯಸ್ಸು. "ಅಷ್ಟು ಓದಿ ಈಗ ಮಕ್ಕಳ ಮೂಗು ಒರೆಸ್ತಾಳಂತೆ" ಎಂದು ನೆಂಟರ ಪೈಕಿ ಯಾರೋ ಆಡಿಕೊಂಡದ್ದು ಮಾಲತಿಯ ಕಿವಿಗೂ ಬಿದ್ದಿತ್ತು. "ಒರೆಸ್ತೀನಲ್ಲ, ಅದೂ ನಾಜೂಕಿನ ಕೆಲಸಾನೇ" ಎಂದು ನಕ್ಕು ಬಿಟ್ಟಿದ್ದಳು.

ಅವಳ ಸ್ವೀಡಿಷ್ ನಿಧಾನ. ಸ್ವರಗಳನ್ನು ತಪ್ಪಾಗಿ ಎಳೆದಾಗ ಮಕ್ಕಳೇ ತಿದ್ದುತ್ತಿದ್ದರು. ಆದರೆ ಮಗು ಬಿದ್ದು ಅತ್ತಾಗ ಮಾತ್ರ ಅವಳ ಬಾಯಿಂದ ತಾನಾಗಿ ಕನ್ನಡ ಬರುತ್ತಿತ್ತು, "ಯಾಕವ್ವಾ? ಏನಾತು?" ಎಂದು. ಅರ್ಥ ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಂಗಾರ ಬಣ್ಣದ ಕೂದಲಿನ ಮಕ್ಕಳು ತಮ್ಮ ಗೊಂಬೆಗಳನ್ನು ತೊಡೆಯ ಮೇಲೆ ಹಾಕಿಕೊಂಡು "ಯಾಕವ್ವಾ, ಏನಾತು" ಎಂದು ತಟ್ಟುವುದನ್ನು ನೋಡಿ ಮುಖ್ಯಸ್ಥೆ ಕಾರಿನ್ ಒಮ್ಮೆ ಬಿದ್ದು ಬಿದ್ದು ನಕ್ಕಿದ್ದಳು.

ಆ ಗುಂಪಿನಲ್ಲಿ ಸಿಗ್ನೆ ಎಂಬ ನಾಲ್ಕು ವರ್ಷದ ಹುಡುಗಿ ಇದ್ದಳು. ತಾಯಿ ಹೆಡ್ವಿಗ್ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸ್. ತಂದೆ ಯೋನಾಸ್ ರೇಡಿಯೊ ವರದಿಗಾರ, ವರ್ಷದಲ್ಲಿ ಅರ್ಧ ಭಾಗ ಹೊರದೇಶಗಳಲ್ಲೇ ಇರುವವನು. ಊರಿನಲ್ಲಿದ್ದಾಗ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗಂಟಲು ಹರಿಯುವಂತೆ ಹಾಡುತ್ತ ಬರುತ್ತಿದ್ದ. ಅವನು ರಸ್ತೆಯ ತಿರುವಿನಲ್ಲಿರುವಾಗಲೇ ಒಳಗಿದ್ದ ಮಕ್ಕಳು "ಸಿಗ್ನೆಯ ಪಪ್ಪಾ ಬಂದ" ಎನ್ನುತ್ತಿದ್ದವು.

ಆ ಸಲದ ಶರತ್ಕಾಲದಲ್ಲಿ ಯೋನಾಸ್ ಪೂರ್ವದ ಒಂದು ದೇಶಕ್ಕೆ ಹೋಗಿದ್ದ. ಅಲ್ಲಿ ಬಹಳ ವರ್ಷಗಳಿಂದ ಒಬ್ಬನದೇ ಆಳ್ವಿಕೆ. ಗಡಿಯ ಬೆಟ್ಟಗಳಲ್ಲಿ ಬೇರೆ ಭಾಷೆ ಆಡುವ ಒಂದು ಸಣ್ಣ ಜನಾಂಗವಿತ್ತು. ಅವರ ಭಾಷೆಯನ್ನು ಶಾಲೆಗಳಿಂದ ತೆಗೆದುಹಾಕಿದ್ದರು. ಅದನ್ನು ಕಲಿಸಿದ ಮೇಷ್ಟ್ರುಗಳನ್ನು ಹಿಡಿದುಕೊಂಡು ಹೋಗಿದ್ದರು. ಆಮೇಲೆ ಹಳ್ಳಿಹಳ್ಳಿಯಿಂದ ಗಂಡಸರು ಕಾಣೆಯಾಗತೊಡಗಿದ್ದರು. ಅಂಥದ್ದೇನೂ ನಡೆದಿಲ್ಲ ಎಂದು ಆ ಸರ್ಕಾರ ಹೇಳುತ್ತಿತ್ತು. ಯೋನಾಸ್ ಬೆಟ್ಟ ಹತ್ತಿ, ಮನೆಮನೆಯಲ್ಲಿ ಕೂತು, ಹೆಂಗಸರ ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದ.

ಅಕ್ಟೋಬರಿನ ಒಂದು ಬೆಳಗ್ಗೆ ಹೆಡ್ವಿಗ್ ಎಂದಿನಂತೆ ಸಿಗ್ನೆಯನ್ನು ಬಿಡಲು ಬಂದಳು. ಮಗಳು ಒಳಗೆ ಓಡಿದ ಮೇಲೂ ಮಕ್ಕಳ ಕೋಟುಗಳನ್ನು ನೇತುಹಾಕುವ ಕೋಣೆಯಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಟೋಪಿಯನ್ನು ಒಂದು ಗೂಟಕ್ಕೆ ಹಾಕಿದಳು, ತೆಗೆದು ಇನ್ನೊಂದಕ್ಕೆ ಹಾಕಿದಳು.

"ಯೋನಾಸ್‌ನ ಹಿಡಿದಿದ್ದಾರೆ," ಎಂದಳು. "ಗೂಢಚಾರಿ ಅಂತ ಹೇಳ್ತಿದ್ದಾರೆ. ಎಲ್ಲಿಟ್ಟಿದ್ದಾರೆ ಅಂತ ನಮ್ಮ ವಿದೇಶಾಂಗ ಇಲಾಖೆಗೂ ಗೊತ್ತಿಲ್ಲ."

ಮಾಲತಿ ಅವಳ ಕೈ ಹಿಡಿದುಕೊಂಡಳು.

"ಪಪ್ಪಾನ ಕೆಲಸ ಇನ್ನೂ ಮುಗಿದಿಲ್ಲ ಅಂತ ಸಿಗ್ನೆಗೆ ಹೇಳಿದೀನಿ. ನೀವೂ ಎಲ್ಲರೂ ಹಾಗೇ ಹೇಳಿ, ಪ್ಲೀಸ್."

ಆಗಲಿ ಎಂದಳು ಮಾಲತಿ. ಮಾತು ಕೊಟ್ಟಾಗಿತ್ತು. ಆದರೆ ಊರು ದೊಡ್ಡದಲ್ಲ, ಸುದ್ದಿಯೋ ಎಲ್ಲರ ಮನೆಯ ಟೀವಿಯಲ್ಲಿ ಬಂದದ್ದು. ಒಂದು ವಾರ ಕಳೆಯುವುದರೊಳಗೆ ಮರಳಿನ ಗುಂಡಿಯಲ್ಲಿ ಆಡುತ್ತಿದ್ದ ಒಬ್ಬ ಹುಡುಗ, ಕೆಟ್ಟ ಮನಸ್ಸಿನಿಂದಲ್ಲ, ಹೊಸ ವಿಷಯ ಗೊತ್ತಿದೆ ಎಂಬ ಹಿಗ್ಗಿನಿಂದ, "ನಿನ್ನ ಪಪ್ಪಾ ಜೈಲಲ್ಲಿದಾನೆ" ಎಂದುಬಿಟ್ಟ. ಸಿಗ್ನೆ ಅವನ ಕೈಯನ್ನು ಹಲ್ಲಿನ ಗುರುತು ಮೂಡುವಂತೆ ಕಚ್ಚಿದಳು. ಅವನ ಗಾಯಕ್ಕೆ ತಣ್ಣೀರು ಹಾಕಿ ಕಾರಿನ್‌ಳ ಕೈಗೆ ಒಪ್ಪಿಸಿ ಮಾಲತಿ ತಿರುಗಿದರೆ, ಸಿಗ್ನೆ ಮರಳಿನಲ್ಲೇ ಕೂತಿದ್ದಳು. ಅಳುತ್ತಿರಲಿಲ್ಲ.

"ಅವನು ಹೇಳಿದ್ದು ಸುಳ್ಳಾ?" ಎಂದು ಕೇಳಿದಳು.

ಸುಳ್ಳು ಎಂದರೆ ಮಗುವಿಗೆ ಮೋಸ. ನಿಜ ಎಂದರೆ ತಾಯಿಗೆ ಕೊಟ್ಟ ಮಾತು ಮುರಿದ ಹಾಗೆ. ಮಾಲತಿ ಒದ್ದೆ ಮರಳಿನಲ್ಲಿ ಅವಳ ಎದುರಿಗೆ ಮೊಣಕಾಲೂರಿದಳು.

"ಇದು ಮಮ್ಮಾನ ಹತ್ತಿರ ಕೇಳಬೇಕಾದ ಪ್ರಶ್ನೆ. ಈಗಲೇ ಫೋನ್ ಮಾಡಿ ಕರೀತೀನಿ. ನೀನು ಕೇಳುವಾಗ ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಆಗಬಹುದಾ?"

ಹೆಡ್ವಿಗ್ ಆಸ್ಪತ್ರೆಯಿಂದ ಓಡಿ ಬಂದಳು. ಕೋಟುಗಳ ಕೋಣೆಯ ನೆಲದ ಮೇಲೆ ಬೂಟುಗಳ ನಡುವೆ ಮೂವರೂ ಕೂತರು. ಮೊದಲು ಹೆಡ್ವಿಗ್‌ಗೆ ಕೋಪ ಬಂದಿತ್ತು. ಮಾಲತಿ ಬಾಯಿಬಿಟ್ಟಿದ್ದಾಳೆ ಎಂದೇ ಅವಳು ತಿಳಿದಿದ್ದಳು. ಮಗಳ ಮುಖ ನೋಡಿದ ಮೇಲೆ ಕೋಪ ನಿಲ್ಲಲಿಲ್ಲ. ನಿಜ ಹೇಳಿದಳು.

"ಪಪ್ಪಾ ಏನು ತಪ್ಪು ಮಾಡಿದ?"

"ಏನೂ ಮಾಡಿಲ್ಲ. ಅಲ್ಲಿಯ ಜನರನ್ನ, ನಿಮಗೆ ಏನಾಯ್ತು ಅಂತ ಕೇಳಿದ. ಅವರು ಹೇಳಿದ್ದನ್ನ ರೇಡಿಯೊದಲ್ಲಿ ಹೇಳಿದ. ಅಲ್ಲಿ ಆಳುವವನಿಗೆ ಅದು ಯಾರಿಗೂ ಗೊತ್ತಾಗೋದು ಬೇಡ."

ಸಿಗ್ನೆ ಅಮ್ಮನ ತೋಳು ಜಗ್ಗಿದಳು. "ಪಪ್ಪಾಗೆ ಹೊದಿಕೆ ಕೊಟ್ಟಿದ್ದಾರಾ?" ಎಂದಳು.

ಹೆಡ್ವಿಗ್ ಮುಖ ಮುಚ್ಚಿಕೊಂಡಳು. ಮಾಲತಿ ಅವಳ ಬೆನ್ನ ಮೇಲೆ ಕೈಯಿಟ್ಟು, "ನಮಗೆ ಗೊತ್ತಿಲ್ಲ ಸಿಗ್ನೆ," ಎಂದಳು. "ಗೊತ್ತಾದ ದಿನ ನಿನಗೆ ಹೇಳ್ತೀವಿ."

ಅಂದಿನಿಂದ ಸಿಗ್ನೆ ಮಾಲತಿಗೆ ಅಂಟಿಕೊಂಡಳು. ಊಟಕ್ಕೆ ಅವಳ ತೊಡೆಯೇ ಬೇಕು, ಹಿಮದ ದಿನಗಳಲ್ಲಿ ದಪ್ಪನೆಯ ಮೇಲುಡುಪು ಹಾಕಲು ಅವಳ ಕೈಯೇ ಬೇಕು. ಮಧ್ಯಾಹ್ನ ಮಲಗುವ ಹೊತ್ತಿಗೆ ಮಾಲತಿಯ ಜಡೆಯ ತುದಿ ಕೈಯಲ್ಲಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿದ್ದಳು. ಬೇಲಿಯ ಆಚೆ ಕ್ಯಾಮೆರಾ ಹಿಡಿದವರು ಬಂದು ನಿಂತ ದಿನ ಮಾಲತಿಯೇ ಹೋಗಿ, "ನೀವು ಅವನ ಜೊತೆಯವರು, ನಿಮಗೂ ಸಂಕಟ ಇದೆ ಅಂತ ಗೊತ್ತು. ಆದರೆ ಇದು ಮಕ್ಕಳು ಆಡೋ ಜಾಗ" ಎಂದಳು. ಅವರಲ್ಲೊಬ್ಬಳು ಯೋನಾಸ್‌ನ ಜೊತೆ ಕೆಲಸ ಮಾಡಿದವಳು. ಅವಳೇ ಉಳಿದವರನ್ನು ಕರೆದುಕೊಂಡು ಹೋದಳು.

ಚಳಿಗಾಲದಲ್ಲಿ ಊರಿನವರು ಪ್ರತಿ ಶನಿವಾರ ಚೌಕದಲ್ಲಿ ಸೇರಿ, ಯೋನಾಸ್‌ನ ಫೋಟೊ ಇಟ್ಟು, ಮೇಣದಬತ್ತಿ ಹಚ್ಚಿ ನಿಲ್ಲತೊಡಗಿದರು. ಮಾಲತಿ ಹೋಗುತ್ತೇನೆ ಎಂದಾಗ ಯೋಗೀಶ ಲ್ಯಾಪ್‌ಟಾಪ್ ಮುಚ್ಚಿದ.

"ನಂಗೂ ಬೇಜಾರಾಗತ್ತೆ ಮಾಲತಿ. ಆದ್ರೆ ಹಾಗೆ ಪಬ್ಲಿಕ್ಕಾಗಿ ನಿಂತ್ಕೊಳ್ಳೋದು ಬೇಕಾ? ಫೋಟೊ ತೆಗೀತಾರೆ, ಎಲ್ಲೆಲ್ಲೋ ಹಾಕ್ತಾರೆ. ಎಷ್ಟಂದ್ರೂ ನಾವು ಹೊರಗಿನವ್ರು."

ಯೋಗೀಶ ಬೆಂಗಳೂರಿನವನು; ಅವನ ಜೊತೆ ಅವನಂತೆಯೇ ಮಾತಾಡುವುದನ್ನು ಮಾಲತಿ ಎಂದೋ ರೂಢಿಸಿಕೊಂಡಿದ್ದಳು. ಮನಸ್ಸು ಕಲಕಿದಾಗ ಮಾತ್ರ ಗದಗು ಹೊರಗೆ ಬರುತ್ತಿತ್ತು.

"ಆ ಹುಡುಗಿ ದಿನಾ ನನ್ನ ತೊಡಿ ಮ್ಯಾಲೆ ಕುಂತು ಊಟ ಮಾಡ್ತಾಳ. ನಾ ಹೊರಗಿನಾಕಿ ಅಂತ ಆಕಿಗೆ ಹೆಂಗ ಹೇಳ್ಲಿ?"

ಆ ಶನಿವಾರ ತಾಯಿ ಮಗಳು ಇಬ್ಬರೇ ಹೋದರು. ಮುಂದಿನ ಶನಿವಾರ ಅವನೂ ಫ್ಲಾಸ್ಕಿನ ತುಂಬ ಫಿಲ್ಟರ್ ಕಾಫಿ ಹಾಕಿಕೊಂಡು ಬಂದ. ಹೆಡ್ವಿಗ್‌ಗೆ ಮೊದಲ ಲೋಟ ಕೊಟ್ಟ. ಇಷ್ಟು ಸಿಹಿ ಕಾಫಿ ತಾನು ಹುಟ್ಟಿದ ಮೇಲೆ ಕುಡಿದಿಲ್ಲ ಎಂದಳು ಅವಳು. ಎರಡನೇ ಲೋಟಕ್ಕೂ ಕೈ ಚಾಚಿದಳು.

ಒಂದು ಸಂಜೆ ಇಂಚರಾ ಯೋನಾಸ್‌ನ ಹಳೆಯ ವರದಿಯೊಂದನ್ನು ಫೋನಿನಲ್ಲಿ ಹಾಕಿದಳು. ಮಿರೇನಾ ಎಂಬ ಬೆಟ್ಟದ ಹೆಂಗಸು ಮಾತಾಡುತ್ತಿದ್ದಳು. ಅವಳ ಮಗ ಮೇಷ್ಟ್ರು. ಪಾಠ ಮಾಡುತ್ತಿದ್ದವನನ್ನು ತರಗತಿಯಿಂದಲೇ ಎಳೆದುಕೊಂಡು ಹೋಗಿದ್ದರು. ಸ್ವೀಡಿಷ್ ಅನುವಾದ ಶುರುವಾಗುವ ಮೊದಲು ಕೆಲವು ಕ್ಷಣ ಅವಳದೇ ಧ್ವನಿ ಇತ್ತು. ಮುಸ್ಸಂಜೆಯಲ್ಲಿ ಆಡಲು ಹೋದ ಮಗನನ್ನು ಊಟಕ್ಕೆ ಕರೆಯುವವಳಂತೆ ಆಕೆ ಒಂದು ಹೆಸರನ್ನು ಹೇಳಿದಳು. ಮಾಲತಿ ಸೊಪ್ಪು ಹೆಚ್ಚುತ್ತಿದ್ದ ಚಾಕುವನ್ನು ಕೆಳಗಿಟ್ಟಳು. ಅಷ್ಟು ದೂರ, ಅಷ್ಟು ಚಿಕ್ಕ ಮಗಳನ್ನು ಬಿಟ್ಟು ಈ ಮನುಷ್ಯ ಯಾಕೆ ಹೋದ ಎಂದು ಅವಳ ಮನಸ್ಸಿನ ಮೂಲೆಯಲ್ಲಿ ಸಿಟ್ಟೊಂದಿತ್ತು. ಅದು ಅಂದು ಇಳಿಯಿತು.

ಮತ್ತೆ ಸೇಬಿನ ಗಿಡಗಳು ಹೂ ಬಿಟ್ಟಾಗ ಸುದ್ದಿ ಬಂತು. ಮಾಲತಿ ಅಂಗಳದಲ್ಲಿ ಕೂತು ಒಂದು ಮಗುವಿನ ಶೂ ಕಟ್ಟುತ್ತಿದ್ದಳು. ಆಸ್ಪತ್ರೆಯ ಉಡುಪಿನಲ್ಲೇ ಓಡಿ ಬಂದ ಹೆಡ್ವಿಗ್ ಗೇಟಿನ ಚಿಲಕ ತೆಗೆಯಲಾಗದೆ ಬೇಲಿ ಹಿಡಿದು ನಿಂತಳು. ಅವಳ ಮುಖ ನೋಡಿಯೇ ಎಲ್ಲರಿಗೂ ತಿಳಿಯಿತು. ವಿದೇಶಾಂಗ ಇಲಾಖೆಯವರು ತಿಂಗಳುಗಟ್ಟಲೆ ತೆರೆಮರೆಯಲ್ಲಿ ಮಾತುಕತೆ ನಡೆಸಿ ಬಿಡಿಸಿಕೊಂಡಿದ್ದರು. ಯೋನಾಸ್ ವಿಮಾನದಲ್ಲಿದ್ದ.

ಕತೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಪತ್ರಿಕೆಗಳು ಬರೆದವು. ದಾಗಿಸ್‌ನಲ್ಲಿ ಅದು ಹಾಗೆ ಮುಗಿಯಲಿಲ್ಲ.

ಯೋನಾಸ್ ಮೊದಲ ಸಲ ಮಗಳನ್ನು ಕರೆದೊಯ್ಯಲು ಬಂದ ದಿನ ಅವನು ಯಾರೆಂದು ಮಾಲತಿಗೇ ಒಂದು ಕ್ಷಣ ತಿಳಿಯಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಕೋಟು ಬೇರೆಯವರದೆಂಬಂತೆ ಜೋಲುತ್ತಿತ್ತು. "ಹಾಯ್ ಸಿಗ್ನೆ" ಎಂದ. ಗಂಟಲಿನಿಂದ ಗಾಳಿಯಷ್ಟೇ ಹೊರಟಿತು. ಸಿಗ್ನೆ ಮಾಲತಿಯ ಹಿಂದೆ ಸರಿದು ಜಡೆ ಹಿಡಿದುಕೊಂಡಳು.

"ಅದು ಪಪ್ಪಾ ಅಲ್ಲ. ಪಪ್ಪಾ ಜೋರಾಗಿ ಹಾಡ್ತಾನೆ."

ಮನೆಯಲ್ಲೂ ಅದೇ ಪಾಡು ಎಂದಳು ಹೆಡ್ವಿಗ್. ಅವನು ಕೋಣೆಗೆ ಬಂದರೆ ಇವಳು ಹೊರಗೆ ಹೋಗುತ್ತಾಳೆ, ಊಟಕ್ಕೆ ಅವನ ಪಕ್ಕ ಕೂರುವುದಿಲ್ಲ. ಅವನು ಬೇಸರ ತೋರಿಸಿಕೊಳ್ಳುವುದಿಲ್ಲ, ಹಿಂಭಾಗದ ಅಂಗಳಕ್ಕೆ ಹೋಗಿ ಸುಮ್ಮನೆ ನಿಂತಿರುತ್ತಾನೆ. ಸಂಜೆಯಾದರೆ "ಮಾಲತಿಯೇ ನನ್ನನ್ನು ಮನೆಗೆ ಬಿಡಲಿ" ಎಂದು ಸಿಗ್ನೆಯ ಹಟ. ಆ ಪುಟ್ಟ ಕೈ ತನ್ನನ್ನೇ ಅರಸಿ ಬಂದಾಗ ಮಾಲತಿಗೆ ಒಳಗೊಳಗೇ ಹಿತವಾಗುತ್ತಿತ್ತು. ಹಿತವಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಒಂದು ರಾತ್ರಿ ಯೋಗೀಶನಿಗೆ ಅದನ್ನು ಹೇಳಿದಳು. "ಬಿಡಿಸ್ಕೊಳ್ಳೋದು ಕಷ್ಟಾನೇ, ಆದ್ರೆ ಬಿಡಿಸ್ಕೋಬೇಕು ನೀನು" ಎಂದ ಅವನು, ಮೆಲ್ಲಗೆ.

ದಾಗಿಸ್‌ಗೆ ಹೊಸ ಮಗು ಬಂದಾಗ ಒಂದು ಕ್ರಮ ಉಂಟು. ಅಪ್ಪನೋ ಅಮ್ಮನೋ ಮೊದಲ ಕೆಲವು ದಿನ ಮಗುವಿನ ಜೊತೆಗೇ ಬಂದು ಕೂರಬೇಕು. ಏನೂ ಮಾಡಬೇಕಾಗಿಲ್ಲ, ಮಗುವಿನ ಕಣ್ಣಿಗೆ ಕಾಣುವಂತಿದ್ದರೆ ಸಾಕು. ಜಾಗ ಹೊಂದಿಕೊಂಡಂತೆ ಮಗು ತಾನೇ ದೂರ ಹೋಗಿ ಆಡಲು ತೊಡಗುತ್ತದೆ. ಮಕ್ಕಳನ್ನು ಹೀಗೆ ಒಗ್ಗಿಸುವುದರಲ್ಲಿ ಮಾಲತಿಯದು ಎತ್ತಿದ ಕೈ. ಅವಳು ಕಾರಿನ್‌ಳ ಬಳಿಗೆ ಹೋದಳು.

"ಯೋನಾಸ್‌ಗೆ ಒಗ್ಗಿಸೋ ವಾರ ಮಾಡೋಣ. ಈ ಸಲ ಹೊಸದಾಗಿ ಬಂದಿರೋದು ಅಪ್ಪ, ಅಷ್ಟೇ."

ಅಂಥದ್ದಕ್ಕೆ ನಿಯಮವೇ ಇಲ್ಲ ಎಂದಳು ಕಾರಿನ್. ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತಿನಲ್ಲಿ, ಕಾಫಿಯೂ ದಾಲ್ಚಿನ್ನಿ ಬನ್ನೂ ಮುಗಿದ ಮೇಲೆ, "ಮಾಡಬಾರದು ಅಂತಲೂ ನಿಯಮ ಇಲ್ಲ" ಎಂದಳು.

ಹೀಗೆ ಯೋನಾಸ್ ದಿನವೂ ಬೆಳಗ್ಗೆ ಬಂದು ಕಿಟಕಿಯ ಪಕ್ಕ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂರತೊಡಗಿದ. "ಕರೀಬೇಡಿ, ಆಟಕ್ಕೆ ಎಳೀಬೇಡಿ," ಎಂದು ಮಾಲತಿ ಹೇಳಿಕೊಟ್ಟಿದ್ದಳು. "ಅವಳು ನೋಡಿದಾಗ ನೀವು ಇಲ್ಲೇ ಇರಬೇಕು. ಇಷ್ಟೇ ಕೆಲಸ."

"ಸುಮ್ಮನೆ ಕೂರೋದು ನನಗೆ ಅಭ್ಯಾಸ ಆಗಿದೆ" ಎಂದ ಅವನು. ಅದು ತಮಾಷೆಯೆಂದು ಮಾಲತಿಗೆ ತಡವಾಗಿ ಹೊಳೆಯಿತು.

ಮೊದಲ ದಿನ ಸಿಗ್ನೆ ಆ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಬ್ಲಾಕುಗಳನ್ನು ಜೋಡಿಸುತ್ತ ಕಣ್ಣಂಚಿನಲ್ಲಿ ನೋಡಿದಳು. ಬೇರೆ ಮಕ್ಕಳು ಅವನ ಮಡಿಲಿಗೆ ಗೊಂಬೆ, ಲಾರಿ, ಅರ್ಧ ತಿಂದ ಬಾಳೆಹಣ್ಣು ತಂದು ತಂದು ಹಾಕಿದವು. ಮಾಲತಿ ಬೇಕೆಂದೇ ಸಿಗ್ನೆಯಿಂದ ದಿನದಿನಕ್ಕೆ ಒಂದೊಂದು ಮಾರು ದೂರ ಕೂರತೊಡಗಿದಳು. ಜಡೆಯನ್ನು ಮೇಲೆತ್ತಿ ತುರುಬು ಕಟ್ಟಿಕೊಂಡು ಬಂದಳು.

ಒಂದು ಮಧ್ಯಾಹ್ನ ಮಕ್ಕಳು ಹಾಸಿಗೆಗಳ ಮೇಲೆ ಮಲಗಿ ಕತೆ ಕೇಳುತ್ತಿದ್ದವು. ಯೋನಾಸ್ ಮೂಲೆಯಲ್ಲಿದ್ದ. ಕಿಟಕಿಯಿಂದ ಬೀಸಿದ ಗಾಳಿಗೆ ಕೋಣೆಯ ಭಾರವಾದ ಬಾಗಿಲು ಧಡ್ ಎಂದು ಮುಚ್ಚಿಕೊಂಡು, ಬೀಗದ ನಾಲಗೆ ಕಟ್ ಎಂದಿತು.

ಯೋನಾಸ್‌ನ ಮುಖ ಸುಣ್ಣದಂತಾಯಿತು. ಎದ್ದು ನಿಂತ, ಕುರ್ಚಿ ಉರುಳಿತು. ಗೋಡೆಗೆ ಬೆನ್ನು ಕೊಟ್ಟು ಬಾಗಿಲನ್ನೇ ನೋಡುತ್ತ, ಉಸಿರು ಎಳೆದುಕೊಳ್ಳಲಾಗದೆ ನಿಂತುಬಿಟ್ಟ. ಮಾಲತಿ ಪುಸ್ತಕ ಕೆಳಗಿಟ್ಟು ಏಳಬೇಕೆನ್ನುವಷ್ಟರಲ್ಲಿ ಸಿಗ್ನೆ ಎದ್ದಾಗಿತ್ತು. ಮಾಲತಿ ಇದ್ದ ಜಾಗದಲ್ಲೇ ತಡೆದುಕೊಂಡಳು.

ಸಿಗ್ನೆ ಎರಡೂ ಕೈಯಿಂದ ಹಿಡಿ ಜಗ್ಗಿ ಬಾಗಿಲು ತೆರೆದಳು. ಕೋಟುಗಳ ಕೋಣೆಗೆ ಓಡಿಹೋಗಿ ತನ್ನದೊಂದು ಹಳದಿ ರಬ್ಬರ್ ಬೂಟು ತಂದಳು. ಅದನ್ನು ಬಾಗಿಲ ಕೆಳಗೆ ತುರುಕಿ, ಅಲುಗಾಡಿಸಿ ನೋಡಿ, ಅಪ್ಪನ ಕಡೆ ತಿರುಗಿದಳು.

"ಇನ್ನು ಮುಚ್ಚಲ್ಲ," ಎಂದಳು.

ಅವನು ಗೋಡೆಗುಂಟ ಜಾರಿ ನೆಲದ ಮೇಲೆ ಕೂತ. ಸಿಗ್ನೆ ಹತ್ತಿರ ಹೋದಳು. ಅಪ್ಪುಗೆಯಿಲ್ಲ, ಮುತ್ತಿಲ್ಲ. ಅವನ ಮೊಣಕಾಲನ್ನು ತಟ್ಟುತ್ತ, ತನಗೆ ಗೊತ್ತಿದ್ದ ಸಮಾಧಾನದ ಮಾತನ್ನು ಹೇಳಿದಳು.

"ಯಾಕವ್ವಾ? ಏನಾತು?"

ಯೋನಾಸ್ ಅತ್ತ. ಸಿಗ್ನೆ ತಟ್ಟುತ್ತಲೇ ಇದ್ದಳು. ಮಾಲತಿ ಮಕ್ಕಳ ಕಡೆ ತಿರುಗಿ ಕತೆಯ ಉಳಿದ ಪುಟಗಳನ್ನು ಓದಿದಳು. ಅಕ್ಷರಗಳು ಕಾಣುತ್ತಿರಲಿಲ್ಲ, ಕತೆ ಬಾಯಿಪಾಠವಾಗಿತ್ತು.

ಅಂದು ಸಂಜೆ ಸಿಗ್ನೆ ಅಪ್ಪನೊಂದಿಗೆ ನಡೆದು ಮನೆಗೆ ಹೋದಳು. ಕೈ ಹಿಡಿದಿರಲಿಲ್ಲ, ಪಕ್ಕದಲ್ಲಿ ನಡೆಯುತ್ತಿದ್ದಳು. ಕೈ ಹಿಡಿಯಲು ಮತ್ತೂ ಕೆಲವು ದಿನ ಬೇಕಾದವು. ಸೈಕಲ್ಲು ಬೇಸಿಗೆಯಲ್ಲಿ ಹೊರಬಂತು. ಹಾಡು ಮೊದಲಿನಷ್ಟು ಜೋರಾಗಿರಲಿಲ್ಲ, ಆದರೆ ಹಾಡುತ್ತಿದ್ದ.

ಬೇಸಿಗೆ ರಜೆಗೆ ಮುಂಚೆ ಒಂದು ದಿನ ಮಕ್ಕಳು ಅಂಗಳದಲ್ಲಿ ನೀರಾಟ ಆಡುತ್ತಿದ್ದಾಗ ಯೋನಾಸ್ ಮಾಲತಿಯ ಪಕ್ಕದ ಬೆಂಚಿನಲ್ಲಿ ಕೂತ.

"ಮಿರೇನಾ ಅಂತ ಒಬ್ಬಳು. ಅವಳ ಮನೆಯಲ್ಲಿ ಮೂರು ರಾತ್ರಿ ಉಳಿದಿದ್ದೆ. ನನ್ನನ್ನು ಹಿಡಿದ ಮೇಲೆ ಅವಳನ್ನೂ ಕರೆದುಕೊಂಡು ಹೋದರಂತೆ. ನನಗೋಸ್ಕರ ಒಂದು ದೇಶವೇ ಮಾತಾಡಿತು. ಅವಳಿಗೋಸ್ಕರ ಯಾರಿದ್ದಾರೆ?"

ಮಾಲತಿ ಒಂದು ಮಗುವಿನ ಅಂಗಿಯ ಒದ್ದೆ ತೋಳು ಮಡಿಸುತ್ತಿದ್ದಳು. "ಹೀಗಾಗಬಹುದು ಅಂತ ಅವಳಿಗೆ ಗೊತ್ತಿತ್ತಾ?" ಎಂದು ಕೇಳಿದಳು.

"ನನಗಿಂತ ಚೆನ್ನಾಗಿ ಗೊತ್ತಿತ್ತು. ಹೆಸರು ಬದಲಾಯಿಸ್ತೀನಿ ಅಂದೆ. ಬೇಡ ಅಂದಳು. ನನ್ನ ಹೆಸರೂ ಹೇಳು, ಮಗನ ಹೆಸರೂ ಹೇಳು, ಇಲ್ಲದಿದ್ದರೆ ನಾವು ಇದ್ದೆವು ಅಂತ ಯಾರಿಗೆ ಗೊತ್ತಾಗುತ್ತೆ ಅಂದಳು." ಅವನು ಅಂಗೈ ನೋಡಿಕೊಂಡ. "ಆಫೀಸಿನವರು ಮತ್ತೆ ಯಾವಾಗ ಬರ್ತೀಯ ಅಂತ ಕೇಳ್ತಿದ್ದಾರೆ. ಮೈಕ್ ಮುಂದೆ ಕೂತರೆ ನನಗೆ ಮಾತು ಹೊರಡುತ್ತೋ ಇಲ್ಲವೋ."

"ನನಗೆ ರೇಡಿಯೊ ವಿಷಯ ಗೊತ್ತಿಲ್ಲ," ಎಂದಳು ಮಾಲತಿ. "ಆದರೆ ಅವಳ ಧ್ವನಿ ನಾನು ಕೇಳಿದೀನಿ. ಈ ಊರಿನಲ್ಲಿ, ನಮ್ಮ ಅಡುಗೆಮನೆಯಲ್ಲಿ. ಆಮೇಲೆ ಮರೆಯಲಿಕ್ಕೆ ಆಗಲಿಲ್ಲ."

ಅವನು ಅವಳ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಸಿಗ್ನೆ ಬಕೆಟ್ಟಿನ ನೀರನ್ನೆಲ್ಲ ಅವನ ಶೂ ಮೇಲೆ ಸುರಿದಳು.

ಶರತ್ಕಾಲದಲ್ಲಿ ವರದಿ ಬಂತು. ಮಾಲತಿ, ಯೋಗೀಶ, ಇಂಚರಾ ಅಡುಗೆಮನೆಯಲ್ಲಿ ಕೂತು ಕೇಳಿದರು. ಕಷ್ಟದ ಪದಗಳು ಬಂದಾಗ ಇಂಚರಾ, ಯಾರೂ ಕೇಳದಿದ್ದರೂ, ಕನ್ನಡದಲ್ಲಿ ಹೇಳಿದಳು. ಯೋನಾಸ್‌ನ ಧ್ವನಿ ಎರಡು ಕಡೆ ಒಡೆಯಿತು, ಹಾಗೆಯೇ ಬಿಟ್ಟಿದ್ದರು. ಅವನು ತನ್ನ ಸೆರೆವಾಸದ ಬಗ್ಗೆ ಹೆಚ್ಚು ಹೇಳಲಿಲ್ಲ. ಮಿರೇನಾಳ ಹೆಸರು ಹೇಳಿದ, ಅವಳ ಮಗನ ಹೆಸರು ಹೇಳಿದ, ಆ ಹಳ್ಳಿಯಿಂದ ಕಾಣೆಯಾದ ಉಳಿದವರ ಹೆಸರುಗಳನ್ನೂ ಒಂದೊಂದಾಗಿ ಹೇಳಿದ. ಅವರೆಲ್ಲಿದ್ದಾರೆಂದು ತನಗೆ ಗೊತ್ತಿಲ್ಲ ಎಂದ. ವಾರಗಳ ಮೇಲೆ ಬೇರೆ ದೇಶಗಳ ಪತ್ರಕರ್ತರೂ ಅದೇ ಹೆಸರುಗಳನ್ನು ಹಿಡಿದು ಆ ಸರ್ಕಾರವನ್ನು ಕೇಳತೊಡಗಿದರು. ಉತ್ತರ ಇನ್ನೂ ಬಂದಿಲ್ಲ. ಕೇಳುವುದೂ ನಿಂತಿಲ್ಲ.

ಸಿಗ್ನೆ ಮರುವರ್ಷ ಶಾಲೆಗೆ ಹೋದಳು. ಅವಳ ಗೂಟಕ್ಕೆ ಬೇರೆ ಮಗುವಿನ ಕೋಟು ಬಂತು.

ಅದಾಗಿ ವರ್ಷ ಒಂದೆರಡು ಕಳೆದ ಮೇಲೆ ಮಾಲತಿ ಅಂಗಡಿಯಲ್ಲಿ ಕೊತ್ತಂಬರಿ ಹುಡುಕುತ್ತಿದ್ದಾಗ ಯೋನಾಸ್ ಎದುರಾದ. ಮೈ ತುಂಬಿಕೊಂಡಿತ್ತು. ಜೊತೆಗೆ ಮುಂದಿನ ಹಲ್ಲು ಬಿದ್ದ ಉದ್ದನೆಯ ಹುಡುಗಿ.

"ಸಿಗ್ನೆ, ಯಾರು ಗೊತ್ತಾಯ್ತಾ?"

ಹುಡುಗಿ ಸಂಕೋಚದಿಂದ ನೋಡಿದಳು. ಮುಖ ಎಲ್ಲೋ ನೋಡಿದಂತಿದೆ, ಹೆಸರು ಬಾಯಿಗೆ ಬರುತ್ತಿಲ್ಲ. ಯೋನಾಸ್ ಪೆಚ್ಚಾದ. "ಇವಳು ಮರೆತಿದ್ದಾಳೆ ಅಂದರೆ... ಕ್ಷಮಿಸಿ ಮಾಲತಿ, ನೀವು ಅವಳಿಗೆ ಏನಾಗಿದ್ರಿ ಅಂತ..."

"ಅಯ್ಯೋ, ಮರೀಬೇಕು," ಎಂದಳು ಮಾಲತಿ. "ಎಲ್ಲರೂ ಮರೀತಾರೆ. ಚೆನ್ನಾಗಿ ಬೆಳೀತಿದಾರೆ ಅಂತ ನಮಗೆ ಅದರಿಂದಲೇ ಗೊತ್ತಾಗೋದು."

ಅವಳು ಹೇಳಿದ್ದು ನಿಜವೇ. ಕೈ ತನಗರಿಯದೆ ಜಡೆಯ ತುದಿಗೆ ಹೋದದ್ದೂ ನಿಜ. ಸಿಗ್ನೆ ಅಷ್ಟರಲ್ಲಿ ಐಸ್‌ಕ್ರೀಮಿನ ಕಡೆ ಅಪ್ಪನ ತೋಳು ಹಿಡಿದು ಎಳೆಯುತ್ತ, ಅಂಗಡಿಯ ತುಂಬ ಕೇಳುವಂತೆ ಶಾಲೆಯ ಯಾವುದೋ ಜಗಳದ ಕತೆ ಶುರುಮಾಡಿದ್ದಳು. ಅವನು ಮಾಲತಿಗೆ ಕೈಬೀಸಿ, ಬಾಗಿ, ಮಗಳ ಮಾತು ಕೇಳುತ್ತ ಹೋದ. ಮಾಲತಿ ಕೊತ್ತಂಬರಿ ಕಟ್ಟುಗಳಲ್ಲಿ ಸ್ವಲ್ಪ ಹಸಿರಾಗಿದ್ದುದನ್ನು ಆರಿಸಿ ಬುಟ್ಟಿಗೆ ಹಾಕಿಕೊಂಡಳು. ಮರುದಿನ ಬೆಳಗ್ಗೆ ಹೊಸ ಮಗುವೊಂದು ಬರುವುದಿತ್ತು. ತುಂಬ ಅಳುತ್ತದೆಯಂತೆ ಎಂದು ಕಾರಿನ್ ಮೊದಲೇ ತಿಳಿಸಿದ್ದಳು.